ಮೈಲುತುತ್ತೂ ಅಯಸ್ಕಾಂತವೂ

ಪುತ್ತೂರು, ಸುಳ್ಯ, ಕಡಬದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ ಅಂಗಳ ನೀಲಿಯಾಗುತ್ತದೆ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅದಾಗಿ ನಲವತ್ತು ನಲವತ್ತೈದು ದಿನಗಳ ಮೇಲೆ ಮಳೆ ತುಸು ಬಿಡುವು ಕೊಟ್ಟಾಗ ಇನ್ನೊಮ್ಮೆ, ಮೈಲುತುತ್ತನ್ನೂ ಸುಣ್ಣವನ್ನೂ ಕಲಸಿ ಗೊನೆಗಳಿಗೆ ಸಿಂಪಡಿಸುತ್ತಾರೆ. ನಮ್ಮ ಕಡೆ ಇದಕ್ಕೆ ‘ಮದ್ದು ಬಿಡುವುದು’ ಎಂದೇ ಹೆಸರು. ಬಿಡದಿದ್ದರೆ ಕೊಳೆರೋಗ, ವರ್ಷದ ಬೆಳೆ ಎಳೆಯದಾಗಿಯೇ ಮರದ ಬುಡಕ್ಕೆ ಉದುರಿ ಹೋಗುವುದನ್ನು ನೋಡಬೇಕಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಮದ್ದು ಬಿಟ್ಟಾದ ಮೇಲೆ ಡ್ರಮ್ಮು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಗುಡ್ಡೆಯ ಬದಿಗೆ ಕೊಂಡುಹೋಗಿ ತೊಳೆ ಎಂದು ದೊಡ್ಡಪ್ಪ ಹೇಳಿದ್ದರು. ಅಷ್ಟು ದೂರ ಉರುಳಿಸುವ ಉದಾಸೀನದಿಂದ ನಾನು ಅದನ್ನು ತೋಡಿನಲ್ಲಿಯೇ ತೊಳೆದೆ. ಆಗ ತೋಡಿನಲ್ಲಿ ಹರಿವು ಇರಲಿಲ್ಲ. ಅಲ್ಲಲ್ಲಿ ಗುಂಡಿಗಳಲ್ಲಿ ನೀರು ನಿಂತಿತ್ತು, ಅಷ್ಟೆ. ಮರುದಿನ ಬೆಳಿಗ್ಗೆ ಆ ಗುಂಡಿಯಲ್ಲಿದ್ದ ಮೀನುಗಳೂ ಏಡಿಗಳೂ ಸತ್ತು ತೇಲುತ್ತಿದ್ದವು.

ದೊಡ್ಡಪ್ಪ ಬೈಯಲಿಲ್ಲ. ಗುಂಡಿಯ ಪಕ್ಕದಲ್ಲಿ ಕುಳಿತು, “ತಾಮ್ರದ ಕೊಡದ ನೀರನ್ನು ನಾವು ದಿನಾ ಕುಡಿಯುತ್ತೇವೆ ಮಗಾ. ಇದರಲ್ಲಿರುವುದೂ ತಾಮ್ರವೇ ಅಂತೆ. ಅಲ್ಲಿ ಇಲ್ಲದ ವಿಷ ಇಲ್ಲಿ ಹೇಗೆ ಬಂತು? ನೀನು ಓದುವವ, ಹೇಳು ನೋಡುವ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಇನ್ನೊಂದು ಪ್ರಶ್ನೆ ಕೇಳಿದರು: “ನಾವು ಮರಕ್ಕೆ ಬಿಟ್ಟ ಮದ್ದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ?” ನಾನು ಧೈರ್ಯವಾಗಿ, “ಮಳೆಗೆ ತೊಳೆದು ಹೋಗುತ್ತದೆ” ಎಂದೆ. ಆ ಉತ್ತರ ತಪ್ಪೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ರಸಾಯನಶಾಸ್ತ್ರವನ್ನು ಓದಿ, ಅದನ್ನೇ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಈ ಎರಡು ಪ್ರಶ್ನೆಗಳೂ ಮತ್ತೆ ಎದುರಿಗೆ ಬಂದವು. ಎರಡಕ್ಕೂ ಉತ್ತರದ ದಾರಿ ತೋರಿಸಿದ್ದು, ನೀವು ಆಶ್ಚರ್ಯಪಡಬಹುದು, ಅಯಸ್ಕಾಂತ. ಇಂದು ಹೇಳತಕ್ಕದ್ದು ಆ ವಿಚಾರವನ್ನೇ.

ತಾಮ್ರದ ಕೊಡಕ್ಕೆ ಅಯಸ್ಕಾಂತವನ್ನು ತಾಗಿಸಿ ನೋಡಿ, ಅಂಟುವುದಿಲ್ಲ. ತಾಮ್ರಕ್ಕೂ ಅಯಸ್ಕಾಂತಕ್ಕೂ ಸಂಬಂಧವೇ ಇಲ್ಲ ಎಂದು ನಾವು ತಿಳಿಯುತ್ತೇವೆ. ಸೂಕ್ಷ್ಮವಾಗಿ ಅಳೆದರೆ ತಾಮ್ರದ ಲೋಹವನ್ನು ಅಯಸ್ಕಾಂತವು ಅತ್ಯಲ್ಪವಾಗಿ ಹಿಂದಕ್ಕೆ ತಳ್ಳುತ್ತದೆ. ಇಂಥ ತಳ್ಳುವ ಗುಣವುಳ್ಳ ವಸ್ತುಗಳು ಅನೇಕ ಇವೆ ಎಂಬುದನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1845ರಲ್ಲಿ ತೋರಿಸಿಕೊಟ್ಟನು. ಈಗ ಅದೇ ತಾಮ್ರದಿಂದಾದ ಮೈಲುತುತ್ತಿನ ಒಂದು ದೊಡ್ಡ ಹರಳನ್ನು ನೂಲಿನಲ್ಲಿ ತೂಗಬಿಡಿ. ಗಾಳಿ ಆಡದ ಕೋಣೆಯಲ್ಲಿ, ಅದು ಅಲುಗಾಡದೆ ನಿಂತ ಮೇಲೆ, ನಿಯೋಡಿಮಿಯಂ ಎಂಬ ಬಲವಾದ ಅಯಸ್ಕಾಂತವನ್ನು ಮೆಲ್ಲನೆ ಹತ್ತಿರ ತನ್ನಿ. ಹರಳು ಕಬ್ಬಿಣದ ಮೊಳೆಯಂತೆ ಜಿಗಿಯುವುದಿಲ್ಲ. ಆದರೆ ನಿಧಾನವಾಗಿ ಅಯಸ್ಕಾಂತದ ಕಡೆಗೆ ವಾಲುತ್ತದೆ. ಕೊಡದ ತಾಮ್ರ ದೂರ ಸರಿಯುತ್ತದೆ, ಮೈಲುತುತ್ತಿನ ತಾಮ್ರ ಹತ್ತಿರ ಬರುತ್ತದೆ. (ಮೈಲುತುತ್ತು ವಿಷವಾದುದರಿಂದ ಮಕ್ಕಳ ಕೈಗೆ ಕೊಡಬಾರದು; ಮುಟ್ಟಿದ ಮೇಲೆ ಕೈ ತೊಳೆಯಬೇಕು.)

ದೊಡ್ಡಪ್ಪನ ಮೊದಲನೆಯ ಪ್ರಶ್ನೆ ಇದೇ ಅಲ್ಲವೆ? ಒಂದೇ ತಾಮ್ರಕ್ಕೆ ಎರಡು ಸ್ವಭಾವ ಹೇಗೆ?

ತಾಮ್ರದ ಒಂದು ಪರಮಾಣುವಿನಲ್ಲಿ 29 ಇಲೆಕ್ಟ್ರಾನುಗಳಿವೆ. ಪ್ರತಿಯೊಂದು ಇಲೆಕ್ಟ್ರಾನೂ ತಾನೇ ಒಂದು ಅತಿ ಸಣ್ಣ ಅಯಸ್ಕಾಂತ. ಆದರೆ ಅವು ಸಾಮಾನ್ಯವಾಗಿ ಜೋಡಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದರ ಮುಖ ಮೇಲಕ್ಕಾದರೆ ಇನ್ನೊಂದರದು ಕೆಳಕ್ಕೆ. ಹೀಗೆ ಒಂದರ ಬಲವನ್ನು ಇನ್ನೊಂದು ಕಳೆಯುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ತಾಮ್ರವು ಗಂಧಕಾಮ್ಲದೊಡನೆ ಕೂಡಿ ಮೈಲುತುತ್ತಾದಾಗ ಎರಡು ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಉಳಿದವು 27. ಇವುಗಳಲ್ಲಿ 18 ಒಳಸುತ್ತುಗಳಲ್ಲಿ ಜೋಡಿಯಾಗಿ ಮುಚ್ಚಿಕೊಂಡಿವೆ. ಮಿಕ್ಕ 9ಕ್ಕೆ ಐದು ಕೋಣೆಗಳು. ಒಂದು ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಜಾಗ. ನಾಲ್ಕು ಕೋಣೆಗಳು ತುಂಬಿ ಐದನೆಯದರಲ್ಲಿ ಒಂದು ಇಲೆಕ್ಟ್ರಾನು ಒಂಟಿಯಾಗಿ ಉಳಿಯುತ್ತದೆ. ಈ ಒಂಟಿಯೇ ಮೈಲುತುತ್ತನ್ನು ಅಯಸ್ಕಾಂತದ ಕಡೆಗೆ ಎಳೆಯುವುದು. ಲೋಹದ ತಾಮ್ರದಲ್ಲಾದರೋ ಐದು ಕೋಣೆಗಳೂ ತುಂಬಿವೆ. ಮಿಕ್ಕ ಒಂದು ಇಲೆಕ್ಟ್ರಾನು ಇಡೀ ಲೋಹಕ್ಕೆ ಸೇರಿದ ಊರೊಟ್ಟಿನ ಸೊತ್ತಾಗಿ ಓಡಾಡಿಕೊಂಡಿರುತ್ತದೆ. ತಾಮ್ರದ ತಂತಿಯಲ್ಲಿ ವಿದ್ಯುತ್ತು ಹರಿಯುವುದು ಅದರಿಂದಲೇ.

ವಿಷದ ಮಾತೂ ಇಲ್ಲಿಯೇ ಬರುತ್ತದೆ. ಕೊಡದಿಂದ ನೀರಿಗೆ ಇಳಿಯುವ ತಾಮ್ರ ಅತ್ಯಲ್ಪ. ಮೈಲುತುತ್ತಿನಲ್ಲಿಯೋ, ಇಲೆಕ್ಟ್ರಾನು ಕಳೆದುಕೊಂಡ ತಾಮ್ರ ಸಿದ್ಧವಾಗಿ ಕುಳಿತಿದೆ. ನೀರಿಗೆ ಬಿದ್ದೊಡನೆ ಕರಗಿ, ಎದುರಿಗೆ ಸಿಕ್ಕಿದ ಜೀವಕಣಗಳಿಗೆ ಅಂಟಿಕೊಳ್ಳಲು ಹೊರಡುತ್ತದೆ. ಕೊಳೆರೋಗದ ಬೀಜಾಣುವನ್ನು ಕೊಲ್ಲುವುದೂ ಇದೇ, ತೋಡಿನ ಏಡಿಯನ್ನು ಕೊಂದದ್ದೂ ಇದೇ.

ಆದರೆ ಹೊರಟ ತಾಮ್ರ ಎಂದೂ ಒಂಟಿಯಾಗಿ ತಿರುಗುವುದಿಲ್ಲ. ಸುತ್ತಲೂ ನೆರೆಹೊರೆ ಕಟ್ಟಿಕೊಳ್ಳುವುದು ಅದರ ಸ್ವಭಾವ. ಮೈಲುತುತ್ತಿನ ತೂಕದಲ್ಲಿ ನೂರಕ್ಕೆ 36 ಪಾಲು ಬರಿಯ ನೀರೇ. ಒಂದು ತಾಮ್ರಕ್ಕೆ ಐದು ನೀರಿನ ಅಣುಗಳ ಲೆಕ್ಕ. ಇವುಗಳಲ್ಲಿ ನಾಲ್ಕು ತಾಮ್ರದ ಸುತ್ತ ಚೌಕವಾಗಿ ನಿಂತಿವೆ. ಮೇಲೊಂದು ಕೆಳಗೊಂದು, ಕೊಂಚ ದೂರದಲ್ಲಿ, ಸಲ್ಫೇಟಿನ ಆಮ್ಲಜನಕ. ಐದನೆಯ ನೀರು ತಾಮ್ರಕ್ಕೆ ನೇರವಾಗಿ ಸೇರದೆ ಬದಿಯಲ್ಲಿದೆ. ಬಾಣಲೆಯಲ್ಲಿ ಹಾಕಿ ಕಾಯಿಸಿದರೆ ಈ ನೀರೆಲ್ಲ ಹೋಗಿ ನವಿಲಿನ ಕತ್ತಿನ ಬಣ್ಣದ ಹರಳು ಬಿಳಿಯ ಪುಡಿಯಾಗುತ್ತದೆ. ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ. ಬಣ್ಣವೂ ನೆರೆಯವರಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೀಗೆ ನಡುವೆ ಒಂದು ಲೋಹ, ಸುತ್ತ ನಿಶ್ಚಿತವಾದ ಸಂಖ್ಯೆಯ ನೆರೆಯವರು ಇರುವ ವಸ್ತುಗಳನ್ನು ಸಂಕೀರ್ಣ ಸಂಯುಕ್ತಗಳೆಂದು ಕರೆಯುತ್ತಾರೆ. ಇವುಗಳ ರಚನೆಯ ಗುಟ್ಟನ್ನು 1893ರಲ್ಲಿ ಮೊದಲು ಬಿಡಿಸಿದವನು ಆಲ್‌ಫ್ರೆಡ್ ವೆರ್ನರ್. ಅದಕ್ಕಾಗಿ ಅವನಿಗೆ 1913ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಮೈಲುತುತ್ತಿನ ಅಯಸ್ಕಾಂತ ಗುಣವನ್ನು ಸೂಕ್ಷ್ಮವಾಗಿ ಅಳೆದ ಕೀರ್ತಿ ನಮ್ಮ ದೇಶದವರಿಗೂ ಸೇರುತ್ತದೆ. ಸರ್ ಸಿ. ವಿ. ರಾಮನ್ನರ ಸಹೋದ್ಯೋಗಿಯಾಗಿದ್ದ ಕೆ. ಎಸ್. ಕೃಷ್ಣನ್ ಅವರು ಕಲ್ಕತ್ತೆಯಲ್ಲಿದ್ದಾಗ ಎ. ಮುಖರ್ಜಿಯವರೊಡನೆ ಈ ಹರಳನ್ನು ಪರೀಕ್ಷಿಸಿ 1936ರಲ್ಲಿಯೂ 1938ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ಅವರು ನೋಡಿದ್ದು ಎಳೆತ ಎಷ್ಟು ಎಂಬುದನ್ನು ಮಾತ್ರವಲ್ಲ, ಯಾವ ದಿಕ್ಕಿನಲ್ಲಿ ಎಷ್ಟು ಎಂಬುದನ್ನು. ಹರಳನ್ನು ತೆಳುವಾದ ಎಳೆಯಿಂದ ಅಯಸ್ಕಾಂತದ ನಡುವೆ ತೂಗಬಿಟ್ಟರೆ ಅದು ತನಗೆ ಒಪ್ಪುವ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಆ ತಿರುವಿನ ಬಲದಿಂದ, ತಾಮ್ರದ ಸುತ್ತಲಿನ ಚೌಕ ಹರಳಿನೊಳಗೆ ಹೇಗೆ ವಾಲಿಕೊಂಡಿದೆ ಎಂಬುದನ್ನು ತಿಳಿಯಬಹುದು. ಎರಡು ವರ್ಷಗಳ ಹಿಂದೆ, 1934ರಲ್ಲಿ, ಬೀವರ್ಸ್ ಮತ್ತು ಲಿಪ್ಸನ್ ಎಂಬವರು ಎಕ್ಸ್ ಕಿರಣಗಳಿಂದ ಕಂಡಿದ್ದ ರಚನೆಯೊಡನೆ ಇದನ್ನು ತಾಳೆ ನೋಡುವ ಅವಕಾಶ ಅವರಿಗೆ ದೊರೆಯಿತು. ಕಣ್ಣಿಗೆ ಕಾಣದ ಅಣುಗಳ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಹೊರಗಿನಿಂದಲೇ ಹೇಳಿದಂತೆ!

ಇಲ್ಲಿಯ ತನಕ ಒಂದೊಂದು ತಾಮ್ರದ ಕಥೆ. ಎರಡು ತಾಮ್ರಗಳು ನೆರೆಯವರಾದಾಗ ಏನಾಗುತ್ತದೆ? ಹುಳಿ ತಾಗಿದ ತಾಮ್ರದ ಪಾತ್ರೆ ಹಸಿರಾಗಿ ಕಿಲುಬು ಹಿಡಿಯುವುದನ್ನು ನಮ್ಮ ತಾಯಂದಿರು ಬಲ್ಲರು. ಅದಕ್ಕೆಂದೇ ಹಿಂದೆ ಕಲಾಯಿ ಹಾಕಿಸುತ್ತಿದ್ದರು. ವಿನಿಗರಿನ ಹುಳಿಯಿಂದ ಬರುವ ಕಿಲುಬಿಗೆ ಹತ್ತಿರದ ಬಂಧು ತಾಮ್ರದ ಅಸಿಟೇಟು ಎಂಬ ಹರಳು. ಸಾಮಾನ್ಯವಾಗಿ ಒಂಟಿ ಇಲೆಕ್ಟ್ರಾನುಳ್ಳ ವಸ್ತುವನ್ನು ತಣಿಸಿದಷ್ಟೂ ಅಯಸ್ಕಾಂತದ ಎಳೆತ ಹೆಚ್ಚಬೇಕು. ಇದು 1895ರಲ್ಲಿ ಪಿಯರ್ ಕ್ಯೂರಿ ಕಂಡ ನಿಯಮ. ಈ ಹರಳು ಮಾತ್ರ ನಿಯಮಕ್ಕೆ ತಿರುಗಿಬಿತ್ತು. ಸಾಧಾರಣ ಹವೆಯಲ್ಲಿಯೇ ಅದರ ಎಳೆತ ಇರಬೇಕಾದುದರ ಸುಮಾರು ಅರ್ಧ. ಸೊನ್ನೆಗಿಂತ ಕೆಳಗೆ ಸುಮಾರು 18 ಡಿಗ್ರಿ ಸೆಂಟಿಗ್ರೇಡಿನ ತನಕ ಎಳೆತ ಏರುತ್ತದೆ. ಅಲ್ಲಿಂದ ಮುಂದೆ ತಣಿಸಿದರೆ ಇಳಿಯತೊಡಗಿ, ಗಾಳಿಯೇ ದ್ರವವಾಗುವಷ್ಟು ಚಳಿಯಲ್ಲಿ ಇಲ್ಲವೆಂಬಂತಾಗುತ್ತದೆ. ಹೀಗೆ ಇಳಿಯುವುದನ್ನು ಅಳೆದು 1951ರಲ್ಲಿ ಪ್ರಕಟಿಸಿದವರು ಬಿ. ಸಿ. ಗುಹಾ. ಕಾರಣವನ್ನು 1952ರಲ್ಲಿ ಹೇಳಿದವರು ಆಕ್ಸ್‌ಫರ್ಡಿನ ಬ್ಲೀನಿ ಮತ್ತು ಬವರ್ಸ್: ಇದರಲ್ಲಿ ತಾಮ್ರಗಳು ಎರಡೆರಡಾಗಿ ಇರಬೇಕು, ಒಂದರ ಒಂಟಿ ಇಲೆಕ್ಟ್ರಾನು ಮೇಲೆ ನೋಡಿದರೆ ಇನ್ನೊಂದರದು ಕೆಳಗೆ ನೋಡಿ ಬಲವನ್ನು ಕಳೆಯುತ್ತಿರಬೇಕು ಎಂದು. ಮರುವರ್ಷವೇ ಎಕ್ಸ್ ಕಿರಣಗಳು ಆ ಜೋಡಿಯನ್ನು ತೋರಿಸಿದವು. ಎರಡು ತಾಮ್ರಗಳ ನಡುವಿನ ದೂರ, ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ 2.64 ಪಾಲು.

ಈ ಎರಡು ತಾಮ್ರಗಳನ್ನು ಕೂಡಿಸಿರುವುದು ನಾಲ್ಕು ಅಸಿಟೇಟು ಗುಂಪುಗಳು. ಮಳೆಗಾಲದಲ್ಲಿ ತೋಡಿನ ಆಚೆ ಈಚೆ ಮನೆಗಳ ಮಾತುಕತೆ ಸಂಕದ ಮೂಲಕ ನಡೆಯುವಂತೆ, ತಾಮ್ರಗಳ ನಡುವಿನ ವ್ಯವಹಾರವೂ ನಡುವಿರುವ ಈ ಅಣುಗಳೆಂಬ ಸಂಕದ ಮೂಲಕವೇ. ಸಂಕ ಎಷ್ಟು ಬಾಗಿದೆ ಎಂಬುದರ ಮೇಲೆ ಸ್ನೇಹವೋ ವಿರೋಧವೋ ನಿಶ್ಚಯವಾಗುತ್ತದೆ. ಆಮ್ಲಜನಕ–ಜಲಜನಕದ ಎರಡು ಗುಂಪುಗಳು ಸಂಕವಾಗಿರುವ ತಾಮ್ರದ ಜೋಡಿಗಳನ್ನು 1970ರ ದಶಕದಲ್ಲಿ ವರಸೆಯಾಗಿ ಪರೀಕ್ಷಿಸಿದಾಗ, ಸಂಕದ ಕೋನ ಸುಮಾರು 97.5 ಡಿಗ್ರಿಗಿಂತ ಹೆಚ್ಚಾದರೆ ಒಂಟಿಗಳೆರಡೂ ವಿರುದ್ಧ ಮುಖವಾಗಿಯೂ ಅದಕ್ಕಿಂತ ಕಡಿಮೆಯಾದರೆ ಒಂದೇ ಮುಖವಾಗಿಯೂ ನಿಲ್ಲುತ್ತವೆ ಎಂದು ಕಂಡುಬಂತು. ಕೆಲವೇ ಡಿಗ್ರಿಗಳ ಬಾಗು. ಆದರೆ ಫಲ ತಲೆಕೆಳಗು.

ಈಗ ತೋಡಿಗೆ ಹಿಂದಿರುಗೋಣ. ನಮ್ಮ ರಕ್ತದಲ್ಲಿ ಉಸಿರಿನ ಆಮ್ಲಜನಕವನ್ನು ಹೊರುವುದು ಕಬ್ಬಿಣ; ಏಡಿಯ ರಕ್ತದಲ್ಲಿ ಆ ಕೆಲಸ ತಾಮ್ರದ್ದು. ಅಲ್ಲಿಯೂ ತಾಮ್ರಗಳು ಜೋಡಿಯಾಗಿವೆ. ಆಮ್ಲಜನಕ ಇಲ್ಲದಾಗ ಅವುಗಳ ಐದು ಕೋಣೆಗಳೂ ತುಂಬಿರುತ್ತವೆ, ರಕ್ತಕ್ಕೆ ಬಣ್ಣವಿಲ್ಲ. ಆಮ್ಲಜನಕ ಬಂದು ಎರಡು ತಾಮ್ರಗಳ ನಡುವೆ ಸಂಕವಾಗಿ ಕುಳಿತಾಗ ಒಂದೊಂದರಲ್ಲಿ ಒಂಟಿ ಇಲೆಕ್ಟ್ರಾನು ಉಂಟಾಗಿ ರಕ್ತ ನೀಲಿಯಾಗುತ್ತದೆ. ಆದರೆ ಸಂಕದ ಮೂಲಕ ಆ ಎರಡು ಒಂಟಿಗಳು ಎಷ್ಟು ಬಲವಾಗಿ ವಿರುದ್ಧ ಮುಖವಾಗಿವೆಯೆಂದರೆ ಅಯಸ್ಕಾಂತಕ್ಕೆ ಅವು ಇರುವುದೇ ತಿಳಿಯುವುದಿಲ್ಲ. ನಾನು ಕೊಂದ ಏಡಿಗಳ ಪ್ರಾಣ ನಿಂತಿದ್ದುದೂ ತಾಮ್ರದ ಮೇಲೆಯೇ ಎಂದು ಓದಿದ ದಿನ ನನಗೆ ಬಹಳ ಹೊತ್ತು ಪುಸ್ತಕ ಮುಂದಕ್ಕೆ ಹೋಗಲಿಲ್ಲ. ತಕ್ಕ ನೆರೆಯವರ ನಡುವೆ ಹಿಡಿತದಲ್ಲಿರುವ ತಾಮ್ರ ಉಸಿರು. ಹಿಡಿತವಿಲ್ಲದೆ ಬಂದ ತಾಮ್ರ ವಿಷ. ದೊಡ್ಡಪ್ಪನ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ.

ಮದ್ದಿಗೆ ಸುಣ್ಣ ಬೆರೆಸುವುದರ ಅರ್ಥವೂ ಇದರಿಂದ ಸ್ಪಷ್ಟವಾಗುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ ಎಂಬ ವಿದ್ವಾಂಸ 1885ರಲ್ಲಿ ಪ್ರಕಟಿಸಿದ ಈ ಮಿಶ್ರಣವನ್ನು ಅಡಿಕೆಯ ಕೊಳೆರೋಗಕ್ಕೆ ಹೂಡಿದವನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ರೋಗದ ಬಗ್ಗೆ ಅವನ ವರದಿ 1910ರಲ್ಲಿ ಹೊರಬಂತು. ಸುಣ್ಣ ಕೂಡಿದಾಗ ತಾಮ್ರಗಳು ಆಮ್ಲಜನಕ–ಜಲಜನಕದ ಗುಂಪುಗಳಿಂದ ಒಂದಕ್ಕೊಂದು ಸಂಕ ಹಾಕಿಕೊಂಡು ನೀರಿನಲ್ಲಿ ಕರಗದ ತಿಳಿನೀಲಿ ಗಸಿಯಾಗುತ್ತವೆ. ಅದು ಕಾಯಿಗೆ ಅಂಟಿ ನಿಂತು, ಬೇಕಾದಷ್ಟೇ ತಾಮ್ರವನ್ನು ಮೆಲ್ಲಮೆಲ್ಲನೆ ಬಿಡುತ್ತದೆ. ಸುಣ್ಣ ಸಾಲದೆ ಹೋದರೆ ಬಿಡಿ ತಾಮ್ರ ಉಳಿದು ಎಳೆಯ ಕಾಯನ್ನೇ ಸುಡುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬುದು ವಾಡಿಕೆಯ ಅಳತೆ. ಎರಡನ್ನೂ ಬೇರೆ ಬೇರೆ ಐವತ್ತು ಲೀಟರಿನಲ್ಲಿ ಕಲಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕೊನೆಗೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಬೇಕು. ಕತ್ತಿಯ ಮೇಲೆ ಕೆಂಪು ಕೂತರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ; ಇನ್ನಷ್ಟು ಸುಣ್ಣ ಹಾಕಬೇಕು.

ಉಳಿದದ್ದು ಎರಡನೆಯ ಪ್ರಶ್ನೆ: ಮದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಇದಕ್ಕೂ ಆ ಒಂಟಿ ಇಲೆಕ್ಟ್ರಾನೇ ಸಾಕ್ಷಿ ಹೇಳಬಲ್ಲದು. 1944ರಲ್ಲಿ ರಷ್ಯದ ಕಜಾನಿನಲ್ಲಿ ಜವೊಯಿಸ್ಕಿ ಎಂಬ ವಿಜ್ಞಾನಿ, ಒಂಟಿ ಇಲೆಕ್ಟ್ರಾನುಳ್ಳ ವಸ್ತುವನ್ನು ಅಯಸ್ಕಾಂತದ ನಡುವೆ ಇರಿಸಿ ರೇಡಿಯೋ ಅಲೆಗಳನ್ನು ಹಾಯಿಸಿದರೆ, ತಕ್ಕ ಹೊಂದಿಕೆಯಲ್ಲಿ ಆ ಇಲೆಕ್ಟ್ರಾನು ಅಲೆಯನ್ನು ಹೀರುತ್ತದೆ ಎಂದು ತೋರಿಸಿದನು. ನೀವು ರೇಡಿಯೋವಿನ ಗುಂಡಿ ತಿರುಗಿಸಿ ಕೇಂದ್ರ ಹಿಡಿಯುವ ಹಾಗೆಯೇ ಇದು. ಅವನು ಮೊದಮೊದಲು ಪರೀಕ್ಷಿಸಿದ ವಸ್ತುಗಳಲ್ಲಿ ತಾಮ್ರದ ಲವಣವೂ ಒಂದು. ತಾಮ್ರದ ಪಕ್ಕದಲ್ಲಿ ಆಮ್ಲಜನಕವಿದ್ದರೆ ಒಂದು ಸ್ವರ, ಸಾರಜನಕವಿದ್ದರೆ ಇನ್ನೊಂದು. ಹೀಗೆ ಮಣ್ಣಿನೊಳಗಿನ ತಾಮ್ರವನ್ನೂ ಕೇಳಿದ್ದಾರೆ. ಸೊಪ್ಪು ತರಗೆಲೆಗಳು ಕೊಳೆತು ಆದ ಕಪ್ಪು ಗೊಬ್ಬರದ ಅಂಶ ತಾಮ್ರವನ್ನು ಆಮ್ಲಜನಕದಿಂದಲೂ ಸಾರಜನಕದಿಂದಲೂ ಭದ್ರವಾಗಿ ಹಿಡಿದುಕೊಂಡಿರುತ್ತದೆ. ಆದಕಾರಣ ತಾಮ್ರದ ಬಹುಭಾಗ ಮಳೆಗೆ ತೊಳೆದು ಹೋಗುವುದಿಲ್ಲ. ಮೇಲ್ಮಣ್ಣಿನಲ್ಲಿಯೇ ವರ್ಷದಿಂದ ವರ್ಷಕ್ಕೆ ಕೂಡುತ್ತ ಬರುತ್ತದೆ. ಆ ಹಿಡಿತ ನಮಗೆ ಉಪಕಾರಿ. ಆದರೆ ಹಿಡಿಯುವ ಕೈಗೂ ಒಂದು ಮಿತಿಯುಂಟು. ಮಿತಿ ಮೀರಿದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೇಡು.

ಲೆಕ್ಕ ಕಷ್ಟದ್ದಲ್ಲ. ಒಂದು ಕಿಲೋ ಮೈಲುತುತ್ತಿನಲ್ಲಿ ತಾಮ್ರ ಸುಮಾರು 250 ಗ್ರಾಂ. ಒಂದೂವರೆ ಶತಮಾನದಿಂದ ತಾಮ್ರ ಸಿಂಪಡಿಸುತ್ತ ಬಂದ ಯುರೋಪಿನ ದೇಶಗಳಲ್ಲಿ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ತುಂಬಿದ್ದನ್ನು ಕಂಡು, 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರವನ್ನು ಮೀರಬಾರದೆಂದು ಕಟ್ಟು ಮಾಡಿದ್ದಾರೆ. ಎಂದರೆ ಸರಾಸರಿ ವರ್ಷಕ್ಕೆ ನಾಲ್ಕು ಕಿಲೋ ತಾಮ್ರ, ಅಥವಾ 16 ಕಿಲೋ ಮೈಲುತುತ್ತು. ಅವರ ಹವೆ ಬೇರೆ, ನಮ್ಮ ಮಳೆ ಬೇರೆ. ಕೊಳೆರೋಗದ ಊರಿಗೆ ಅವರ ಕಟ್ಟನ್ನು ಹಾಗೆಯೇ ತರಬೇಕೆಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ಹೋಗುತ್ತದೆ ಎಂದು ಬರೆದಿಡುವುದಕ್ಕೂ, ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಎಂದು ಹೇಳುವುದಕ್ಕೂ ಅಡ್ಡಿಯಿಲ್ಲವಷ್ಟೆ? ಅಡಿಕೆಯ ಸಂಶೋಧನೆ 1956ರಿಂದಲೂ ನಮ್ಮ ಬಳಿಯ ವಿಟ್ಲದಲ್ಲಿಯೇ ನಡೆದುಬಂದಿದೆ. ಕೇಳಲು ದೂರ ಹೋಗಬೇಕಾಗಿಲ್ಲ.

ದೊಡ್ಡಪ್ಪ ಈಗ ಇಲ್ಲ. ಅವರಿಗೆ ಹೇಳಬೇಕಾಗಿದ್ದ ಉತ್ತರ ಇಷ್ಟು: ಬಿಟ್ಟ ಮದ್ದು ಬಹುಪಾಲು ನಮ್ಮ ಮರಗಳ ಬುಡದಲ್ಲಿಯೇ ಇದೆ, ಹೋದದ್ದು ತೋಡಿಗೆ, ತೋಡಿನಿಂದ ಪಯಸ್ವಿನಿಗೆ, ಕುಮಾರಧಾರೆಗೆ. ಅವರು ಇದನ್ನು ಶಾಸ್ತ್ರ ಓದದೆಯೇ ಊಹಿಸಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಮದ್ದಿನ ಡ್ರಮ್ಮನ್ನು ತೋಡಿಗೆ ಕೊಂಡುಹೋಗುವ ಪದ್ಧತಿಯಿಲ್ಲ. ತೋಡಿನಿಂದ ದೂರ, ಗುಡ್ಡೆಯ ಬದಿಯಲ್ಲಿ ಒಂದು ಜಾಗ ಗೊತ್ತುಮಾಡಿದ್ದೇವೆ. ಈ ವರ್ಷ ಮದ್ದು ಬಿಟ್ಟಾದ ಮೇಲೆ ಮನೆಯ ಹುಡುಗನ ಕೈಗೆ ಡ್ರಮ್ಮು ಕೊಡುವಾಗ ನೀವೂ ಅವನಿಗೆ ದಾರಿ ತೋರಿಸಿ. ಆ ತೋಡಿನಲ್ಲಿ ನೀಲಿ ರಕ್ತದ ಜೀವಗಳಿವೆ ಎಂದು ಹೇಳಿ.